ಕೊಲೆಗಾರನ ಹೆಸರು ನಮಗೆ ಬಾಯಿಪಾಠ

ನಿಜವಾಗಿ ನಡೆದ ಭೀಕರ ಅಪರಾಧವೊಂದರ ಧಾರಾವಾಹಿಯನ್ನು ನೋಡಿ ಮುಗಿಸಿದವರು ಮೊದಲು ಆಡುವ ಮಾತು ಯಾವುದೆಂದು ಗಮನಿಸಿದ್ದೀರಾ? "ಎರಡು ರಾತ್ರಿ ನಿದ್ದೆಯೇ ಹತ್ತಲಿಲ್ಲ" ಎನ್ನುತ್ತಾರೆ. ಹಾಗೆನ್ನುವಾಗ ಅವರ ಮುಖದಲ್ಲಿ ಕಾಣುವುದು ಸಂಕಟವಲ್ಲ. ಕಡಿದಾದ ಗುಡ್ಡವೊಂದನ್ನು ಹತ್ತಿ ಇಳಿದವರ ಹೆಮ್ಮೆ. ಅನಂತರ ನಟನ ಅಭಿನಯದ ಪ್ರಶಂಸೆ ಬರುತ್ತದೆ. ಆಮೇಲೆ ದನಿ ತಗ್ಗಿಸಿ, "ಇದೆಲ್ಲ ನಿಜವಾಗಿ ನಡೆದದ್ದಂತೆ" ಎಂಬ ಮಾತು. ಸತ್ತವರು ಯಾರು, ಅವರ ಹೆಸರೇನು, ಅವರ ಮನೆಯವರು ಈಗ ಹೇಗಿದ್ದಾರೆ ಎಂದು ಕೇಳಿ ನೋಡಿ, ಉತ್ತರವಿಲ್ಲ. ಕೊಲೆಗಾರನ ಹೆಸರು, ಅವನ ಬಾಲ್ಯ, ಅವನ ಕನ್ನಡಕದ ಆಕಾರ ಮಾತ್ರ ಬಾಯಿಪಾಠವಾಗಿರುತ್ತವೆ.

ಸುಮ್ಮನೆ ಸಾಮಾನ್ಯ ಮಾತಾಡಿದರೆ ಪ್ರಯೋಜನವಿಲ್ಲ. ಒಂದು ಧಾರಾವಾಹಿಯನ್ನೇ ಎತ್ತಿಕೊಳ್ಳೋಣ. 2022ರ ಸೆಪ್ಟೆಂಬರ್ 21ರಂದು ನೆಟ್‌ಫ್ಲಿಕ್ಸ್ ಸಂಸ್ಥೆ ಜೆಫ್ರಿ ಡಾಹ್ಮರ್ ಎಂಬ ಅಮೆರಿಕದ ಸರಣಿ ಕೊಲೆಗಾರನ ಕುರಿತು ಹತ್ತು ಕಂತುಗಳ ಧಾರಾವಾಹಿಯನ್ನು ಬಿಡುಗಡೆ ಮಾಡಿತು. ನಿರ್ಮಿಸಿದವರು ರಯಾನ್ ಮರ್ಫಿ ಮತ್ತು ಇಯಾನ್ ಬ್ರೆನ್ನನ್. ಮುಖ್ಯ ಪಾತ್ರ ವಹಿಸಿದವರು ಇವಾನ್ ಪೀಟರ್ಸ್. ಆ ಮನುಷ್ಯ 1978ರಿಂದ 1991ರವರೆಗೆ ಹದಿನೇಳು ಮಂದಿ ಯುವಕರನ್ನೂ ಬಾಲಕರನ್ನೂ ಕೊಂದನು. ಹೆಚ್ಚಿನ ಕೊಲೆಗಳು ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದಲ್ಲಿ ನಡೆದವು. ಸತ್ತವರಲ್ಲಿ ಬಹುಮಂದಿ ಕಪ್ಪು ಜನರು. ಏಷ್ಯಾ ಮೂಲದವರೂ ಇದ್ದರು. 1991ರ ಜುಲೈಯಲ್ಲಿ ಬಂಧಿತನಾದ ಅವನಿಗೆ 1992ರಲ್ಲಿ ಹಲವು ಜೀವಾವಧಿ ಶಿಕ್ಷೆಗಳಾದವು. 1994ರ ನವೆಂಬರಿನಲ್ಲಿ ಸೆರೆಮನೆಯಲ್ಲೇ ಸಹಕೈದಿಯೊಬ್ಬನಿಂದ ಹತನಾದನು. ಅವನು ಏನೇನು ಮಾಡಿದನೆಂಬ ವಿವರಕ್ಕೆ ನಾನು ಹೋಗುವುದಿಲ್ಲ. ಮಕ್ಕಳ ಕೈಗೂ ಸಿಗುವ ಪತ್ರಿಕೆ ಇದು ಎಂಬುದು ಒಂದು ಕಾರಣ. ಆ ವಿವರಗಳಿಗಾಗಿ ಹಸಿಯುವ ಕಣ್ಣುಗಳೇ ಈ ಲೇಖನದ ವಿಷಯವೆಂಬುದು ಇನ್ನೊಂದು ಕಾರಣ.

ಬಿಡುಗಡೆಯಾದ ಮೊದಲ ಅರವತ್ತು ದಿನಗಳಲ್ಲಿ ಲೋಕದ ಜನರೆಲ್ಲ ಸೇರಿ ಈ ಧಾರಾವಾಹಿಯನ್ನು ನೋಡಿದ ಹೊತ್ತು ನೂರು ಕೋಟಿ ತಾಸುಗಳನ್ನು ದಾಟಿತೆಂದು ಸಂಸ್ಥೆಯೇ ಸಂಭ್ರಮದಿಂದ ಸಾರಿತು. ನೂರು ಕೋಟಿ ತಾಸುಗಳೆಂದರೆ ಒಂದು ಲಕ್ಷಕ್ಕೂ ಮೀರಿದ ವರ್ಷಗಳು. ಆ ಹದಿನೇಳು ಜನ ಒಟ್ಟಾಗಿ ಬದುಕಿದ ವರ್ಷಗಳನ್ನು ಕೂಡಿಸಿದರೂ ಅದು ಕೆಲವೇ ನೂರಾಗುತ್ತದೆ! ಇಷ್ಟು ಹೊತ್ತು ನೋಡಿದ ಜನ ಏನೆಂದರು, ಏನು ಮಾಡಿದರು? ಕೆಲವರು ಅತ್ತರು, ಕೆಲವರು ಅರ್ಧಕ್ಕೇ ನಿಲ್ಲಿಸಿದರು. ಅಂಥವರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಬೇರೆಯವರೂ ಇದ್ದರು. "ಇಷ್ಟೇನಾ? ಇನ್ನೂ ಭಯಂಕರವಾಗಿರುತ್ತದೆ ಎಂದುಕೊಂಡಿದ್ದೆವು" ಎಂದು ಜಂಬ ಕೊಚ್ಚಿದವರಿದ್ದರು. ಪೊಲೀಸರು ವಶಪಡಿಸಿಕೊಂಡಿದ್ದ ಛಾಯಾಚಿತ್ರಗಳನ್ನು ಹುಡುಕಿ ತೆಗೆದು, ಅವನ್ನು ನೋಡುವಾಗ ತಮ್ಮ ಮುಖ ಹೇಗೆ ಬಾಡಿತೆಂಬುದನ್ನು ಚಿತ್ರೀಕರಿಸಿ ಊರಿಗೆಲ್ಲ ಹಂಚಿದವರಿದ್ದರು. ಕೊಲೆಗಾರನ ಒಂಟಿತನಕ್ಕಾಗಿ ಮರುಗಿದವರಿದ್ದರು. ಅವನ ಪಾತ್ರಧಾರಿಯ ಚೆಲುವಿಗೆ ಮರುಳಾದವರೂ ಇದ್ದರು. ಆ ವರ್ಷದ ಅಕ್ಟೋಬರ್ ಕೊನೆಯಲ್ಲಿ, ಹ್ಯಾಲೋವೀನ್ ಹಬ್ಬಕ್ಕೆಂದು, ಕೊಲೆಗಾರನ ಅಂಗಿ ಕನ್ನಡಕಗಳ ವೇಷ ಮಾರಾಟಕ್ಕೆ ಬಂತು. ಇಬೇ ಎಂಬ ಮಾರಾಟ ಸಂಸ್ಥೆ ಅಂಥ ವಸ್ತುಗಳನ್ನು ತನ್ನ ನಿಯಮದಂತೆ ತೆಗೆದುಹಾಕಬೇಕಾಯಿತು. ಸೆರೆಮನೆಯಲ್ಲಿ ಅವನು ಧರಿಸಿದ್ದನೆನ್ನಲಾದ ಕನ್ನಡಕಕ್ಕೆ ವ್ಯಾಪಾರಿಯೊಬ್ಬ ಒಂದೂವರೆ ಲಕ್ಷ ಡಾಲರ್ ಬೆಲೆ ಕಟ್ಟಿದನು.

ಇದನ್ನೆಲ್ಲ ಹುಡುಗಾಟಿಕೆಯೆಂದು ತಳ್ಳಿಹಾಕಬಹುದು. ಹಾಗೆ ತಳ್ಳಿಹಾಕುವ ಮೊದಲು ಒಬ್ಬ ಅಕ್ಕನ ಸ್ಥಾನದಲ್ಲಿ ನಿಂತು ನೋಡಬೇಕು. ರೀಟಾ ಇಸ್ಬೆಲ್ ಅವರ ತಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಈ ಕೊಲೆಗಾರನ ಕೈಗೆ ಸಿಕ್ಕವನು. 1992ರಲ್ಲಿ ಶಿಕ್ಷೆ ವಿಧಿಸುವ ದಿನ ಆಕೆ ನ್ಯಾಯಾಲಯದಲ್ಲಿ ಎದ್ದು ನಿಂತು, ದುಃಖವೂ ರೋಷವೂ ಉಕ್ಕಿ, ಕೊಲೆಗಾರನ ಕಡೆಗೆ ಕೂಗುತ್ತಾ ನುಗ್ಗಿದ್ದರು; ಅವರನ್ನು ಹಿಡಿದು ತಡೆಯಬೇಕಾಯಿತು. ಧಾರಾವಾಹಿಯವರು ಆ ಗಳಿಗೆಯನ್ನು ಮಾತಿಗೆ ಮಾತು, ಬಟ್ಟೆಗೆ ಬಟ್ಟೆ, ಕೂದಲಿಗೆ ಕೂದಲು ಹೊಂದಿಸಿ ಮರುಸೃಷ್ಟಿಸಿದರು. ಪ್ರೇಕ್ಷಕರು ಅಂದಿನ ನೈಜ ದೃಶ್ಯವನ್ನೂ ಇಂದಿನ ನಟನೆಯನ್ನೂ ಪಕ್ಕಪಕ್ಕ ಇಟ್ಟು, "ಎಷ್ಟು ಚೆನ್ನಾಗಿ ಹೋಲುತ್ತದೆ!" ಎಂದು ಕೊಂಡಾಡಿದರು. ಆ ಅಕ್ಕ ಬರೆದದ್ದು ಬೇರೆ. ತೆರೆಯ ಮೇಲೆ ತನ್ನದೇ ಹೆಸರು ಬಂದಾಗ, ತನ್ನದೇ ಮಾತುಗಳನ್ನು ಇನ್ನೊಬ್ಬಾಕೆ ಆಡಿದಾಗ, ಅಂದಿನ ನೋವೆಲ್ಲ ಮರಳಿ ಬಂತೆಂದರು. ತನ್ನನ್ನು ಯಾರೂ ಸಂಪರ್ಕಿಸಲಿಲ್ಲ, ಕೇಳಲಿಲ್ಲ ಎಂದರು. ಗಳಿಸಿದ ಹಣದಲ್ಲಿ ಸ್ವಲ್ಪವನ್ನು ಸತ್ತವರ ಮಕ್ಕಳಿಗೆ ಕೊಟ್ಟಿದ್ದರೂ ಇಷ್ಟು ಕ್ರೂರವೆನಿಸುತ್ತಿರಲಿಲ್ಲ ಎಂದೂ ಹೇಳಿದರು.

ಸಹೋದರ ಸಹೋದರಿಯರೇ, ನಿಮ್ಮ ಮನೆಯಲ್ಲಿ ಸಾವು ಸಂಭವಿಸಿದ ದಿನ, ಶವಪೆಟ್ಟಿಗೆಯ ಮೇಲೆ ಬಿದ್ದು ನಿಮ್ಮ ತಾಯಿ ಆಡಿದ ಮಾತುಗಳನ್ನು ಯಾರೋ ಬರೆದಿಟ್ಟುಕೊಂಡು, ಮೂವತ್ತು ವರ್ಷಗಳ ಬಳಿಕ ಅದೇ ಬಣ್ಣದ ಸೀರೆ ಉಡಿಸಿ ನಟಿಯೊಬ್ಬಳಿಂದ ಆಡಿಸಿದರೆ, ಊರವರು "ಥೇಟ್ ನಿಮ್ಮ ಅಮ್ಮನ ಹಾಗೆಯೇ!" ಎಂದು ಚಪ್ಪಾಳೆ ತಟ್ಟಿದರೆ ನಿಮಗೆ ಏನನ್ನಿಸುತ್ತದೆ? ಕಾನೂನಿನ ಪ್ರಕಾರ ನ್ಯಾಯಾಲಯದಲ್ಲಿ ಆಡಿದ ಮಾತು ಸಾರ್ವಜನಿಕ ದಾಖಲೆ, ಅನುಮತಿ ಬೇಕಿಲ್ಲದಿರಬಹುದು. ಆದರೆ ಕಾನೂನು ಬಿಟ್ಟುಕೊಟ್ಟದ್ದನ್ನೆಲ್ಲ ಕೈಚಾಚಿ ಎತ್ತಿಕೊಳ್ಳುವುದನ್ನು ನಮ್ಮ ಹಿರಿಯರು ಮರ್ಯಾದೆಯೆಂದು ಕರೆದಿರಲಿಲ್ಲ.

ನಿರ್ಮಾಪಕರಿಗೂ ಒಂದು ಮಾತಿದೆ, ಅದನ್ನು ಮುಚ್ಚಿಡಬಾರದು. ಮೂರೂವರೆ ವರ್ಷಗಳ ಕೆಲಸದ ಅವಧಿಯಲ್ಲಿ ಸತ್ತವರ ಬಂಧುಮಿತ್ರರಲ್ಲಿ ಸುಮಾರು ಇಪ್ಪತ್ತು ಮಂದಿಯನ್ನು ಸಂಪರ್ಕಿಸಲು ಯತ್ನಿಸಿದ್ದಾಗಿಯೂ, ಒಬ್ಬರೂ ಉತ್ತರಿಸಲಿಲ್ಲವೆಂದೂ ರಯಾನ್ ಮರ್ಫಿ 2022ರ ಅಕ್ಟೋಬರಿನಲ್ಲಿ ಹೇಳಿದರು. ತಮ್ಮನ್ನು ಕೇಳಲೇ ಇಲ್ಲವೆನ್ನುವ ಮನೆಯವರ ಮಾತಿಗೂ ಇದಕ್ಕೂ ಹೊಂದಿಕೆಯಾಗುವುದಿಲ್ಲ. ಇರಲಿ, ನಿರ್ಮಾಪಕರ ಮಾತನ್ನೇ ನಂಬೋಣ. ಇಪ್ಪತ್ತು ಮನೆಗಳ ಬಾಗಿಲು ತಟ್ಟಿದಿರಿ, ಇಪ್ಪತ್ತೂ ತೆರೆಯಲಿಲ್ಲ. ಅದು ಉತ್ತರವಲ್ಲವೇ? ನೋವುಂಡವರು ಬಾಗಿಲು ತೆರೆಯದಿದ್ದರೆ ಹಿಂದಕ್ಕೆ ಹೋಗಬೇಕೇ ಹೊರತು, ಹಿತ್ತಿಲಿನಿಂದ ಒಳನುಗ್ಗಿ ಅಟ್ಟದ ಮೇಲಿನ ಪೆಟ್ಟಿಗೆ ತೆರೆಯಬಾರದು.

ಈಗ ಈ ಧಾರಾವಾಹಿಯ ಪರವಾಗಿ ಆಡಬಹುದಾದ ಅತ್ಯಂತ ಬಲವಾದ ಮಾತಿಗೆ ಬರೋಣ. ನಿಮ್ಮಲ್ಲಿ ಓದಿಕೊಂಡ ಯುವಕರು ಇದನ್ನೇ ಹೇಳುವಿರಿ: "ಇದು ಕೊಲೆಗಾರನ ವೈಭವೀಕರಣವಲ್ಲ, ಪೊಲೀಸರ ನಿರ್ಲಕ್ಷ್ಯ, ಬಣ್ಣದ ಭೇದ, ಬಡವರ ಕೂಗಿಗೆ ಸಿಗದ ಬೆಲೆ, ಇವುಗಳನ್ನು ಬಯಲಿಗೆಳೆದ ಕೃತಿ." ಈ ಮಾತಿನಲ್ಲಿ ಸತ್ಯವಿದೆ. 1991ರ ಮೇ 27ರ ನಸುಕಿನಲ್ಲಿ ನಡೆದದ್ದನ್ನು ತಿಳಿದ ಯಾರೂ ಅದನ್ನು ಅಲ್ಲಗಳೆಯಲಾರರು. ಹದಿನಾಲ್ಕು ವರ್ಷದ ಹುಡುಗನೊಬ್ಬ ಬತ್ತಲೆಯಾಗಿ, ರಕ್ತ ಸುರಿಸುತ್ತಾ, ಮಾತಾಡಲಾಗದ ಮಂಪರಿನಲ್ಲಿ ಬೀದಿಗೆ ತಪ್ಪಿಸಿಕೊಂಡು ಬಂದಿದ್ದನು. ಕಪ್ಪು ಜನಾಂಗದ ಇಬ್ಬರು ಎಳೆಯ ಹೆಣ್ಣುಮಕ್ಕಳು ಅವನನ್ನು ಕಂಡು ಪೊಲೀಸರನ್ನು ಕರೆಸಿದರು. ಬಂದ ಪೊಲೀಸರು ಆ ಹುಡುಗಿಯರ ಮಾತಿಗೆ ಕಿವಿಗೊಡದೆ, "ಇವನು ನನ್ನ ಸ್ನೇಹಿತ, ವಯಸ್ಸು ಹತ್ತೊಂಬತ್ತು, ಕುಡಿದಿದ್ದಾನೆ" ಎಂಬ ಬಿಳಿಯನ ಮಾತನ್ನು ನಂಬಿ, ಹುಡುಗನನ್ನು ಅವನ ಮನೆಗೇ ಕರೆದೊಯ್ದು ಬಿಟ್ಟು ಬಂದರು. ಹಿಂತಿರುಗುವಾಗ ಪೊಲೀಸ್ ರೇಡಿಯೊದಲ್ಲಿ ಆ ಬಗ್ಗೆ ಹಾಸ್ಯವೂ ನಡೆಯಿತು. ಆ ಹುಡುಗಿಯರಲ್ಲಿ ಒಬ್ಬಳ ತಾಯಿ ಗ್ಲೆಂಡಾ ಕ್ಲೀವ್‌ಲ್ಯಾಂಡ್ ಸುಮ್ಮನಿರಲಿಲ್ಲ; ಠಾಣೆಗೆ ಮತ್ತೆ ಮತ್ತೆ ದೂರವಾಣಿ ಮಾಡಿ, "ಅವನು ಮಗುವಲ್ಲವೇ? ಸರಿಯಾಗಿ ನೋಡಿದ್ದೀರಾ?" ಎಂದು ಕೇಳಿದರು. ವಯಸ್ಕನೆಂಬ ಉತ್ತರ ಸಿಕ್ಕಿತು. ಹುಡುಗ ಆ ಹೊತ್ತಿಗೆ ಬದುಕಿರಲಿಲ್ಲ. ಅವನ ಬಳಿಕ ಇನ್ನೂ ನಾಲ್ವರು ಸತ್ತರು. ಇದೇ ಹುಡುಗನ ಅಣ್ಣನ ಮೇಲೆ 1988ರಲ್ಲಿ ದೌರ್ಜನ್ಯವೆಸಗಿದ್ದಕ್ಕಾಗಿ ನ್ಯಾಯಾಲಯ ಆ ಮನುಷ್ಯನಿಗೆ ಹಗುರವಾದ ಶಿಕ್ಷೆ ನೀಡಿ ಬಿಟ್ಟಿತ್ತು. ಮುಂದಿನ ಕೊಲೆಗಳು ನಡೆದದ್ದು ಅವನು ಸರ್ಕಾರದ ಮೇಲ್ವಿಚಾರಣೆಯಲ್ಲಿದ್ದಾಗಲೇ!

ಆ ಹುಡುಗನ ಹೆಸರು ಕೊನೆರಾಕ್ ಸಿಂಥಾಸೊಮ್‌ಫೋನ್. ಲಾವೋಸ್ ದೇಶದಿಂದ ಆಶ್ರಯ ಅರಸಿ ಬಂದ ಕುಟುಂಬದವನು. ಹೆಸರು ನಾಲಗೆಗೆ ಕಷ್ಟವೆನ್ನುವಿರಾ? ಕೊಲೆಗಾರನ ಹೆಸರೂ ನಮ್ಮ ನಾಲಗೆಯದಾಗಿರಲಿಲ್ಲ, ಅದನ್ನು ಒಂದೇ ದಿನದಲ್ಲಿ ಕಲಿತೆವು.

ಆದರೆ ವಾಚಕರೇ, ಇದೆಲ್ಲವೂ ಧಾರಾವಾಹಿಯಿಂದ ಹೊರಬಿದ್ದ ಗುಟ್ಟಲ್ಲ. 1991ರಲ್ಲಿಯೇ ಇಡೀ ಮಿಲ್ವಾಕಿಗೆ ತಿಳಿದಿತ್ತು. ಪತ್ರಿಕೆಗಳು ಬರೆದವು, ಜನ ಬೀದಿಗಿಳಿದರು, ಆ ಪೊಲೀಸರು ಕೆಲಸ ಕಳೆದುಕೊಂಡರು; ಮತ್ತೆ ನ್ಯಾಯಾಲಯದ ಮೂಲಕ ಕೆಲಸಕ್ಕೆ ಮರಳಿದರು. ಅವರಲ್ಲೊಬ್ಬರು 2005ರಲ್ಲಿ ನಗರದ ಪೊಲೀಸ್ ಸಂಘದ ಅಧ್ಯಕ್ಷರೂ ಆದರು. ಹುಡುಗನ ಕುಟುಂಬಕ್ಕೆ ನಗರಾಡಳಿತ 1995ರಲ್ಲಿ ಎಂಟೂವರೆ ಲಕ್ಷ ಡಾಲರ್ ಕೊಟ್ಟು ದಾವೆ ಮುಗಿಸಿಕೊಂಡಿತು. ಗ್ಲೆಂಡಾ ಅವರ ಧೈರ್ಯವನ್ನು ನಗರ ಅಂದೇ ಗೌರವಿಸಿತ್ತು. ಆಕೆ 2010ರಲ್ಲಿ ತೀರಿಕೊಂಡರು. ಧಾರಾವಾಹಿಯಾದರೋ ಆಕೆಯನ್ನು ಕೊಲೆಗಾರನ ಪಕ್ಕದ ಕೋಣೆಯಲ್ಲಿಯೇ ಇರಿಸಿತು. ನಿಜದಲ್ಲಿ ಆಕೆ ಇದ್ದದ್ದು ಪಕ್ಕದ ಬೇರೊಂದು ಕಟ್ಟಡದಲ್ಲಿ. ಕಥೆಯ ಅನುಕೂಲಕ್ಕಾಗಿ ಇಬ್ಬರು ಹೆಂಗಸರ ಬದುಕನ್ನು ಬೆಸೆದು ಒಬ್ಬಳನ್ನಾಗಿ ಮಾಡಲಾಯಿತು. ಸತ್ತವರಿಗೆ ದನಿ ಕೊಡುತ್ತೇವೆನ್ನುವವರು ಬದುಕಿ ಹೋರಾಡಿದವಳ ಮನೆಯ ವಿಳಾಸವನ್ನಾದರೂ ಸರಿಯಾಗಿ ಇಡಬಹುದಿತ್ತು.

ಆರನೆಯ ಕಂತನ್ನು ಅನೇಕರು ಹೊಗಳಿದ್ದಾರೆ. ಕಿವಿ ಕೇಳದ, ಆದರೆ ಬದುಕಿನ ಉಲ್ಲಾಸ ತುಂಬಿದ್ದ ಟೋನಿ ಹ್ಯೂಸ್ ಎಂಬ ಯುವಕನ ಕಥೆಯದು. ಕೊಲೆಗಾರನನ್ನು ಬದಿಗಿಟ್ಟು ಸತ್ತವನನ್ನೇ ನಡುವೆ ನಿಲ್ಲಿಸಿದ ಕಂತೆಂದು ಹೇಳುತ್ತಾರೆ, ಅದು ದಿಟ. ಅದನ್ನು ನೋಡಿ ಅತ್ತವರ ಕಣ್ಣೀರನ್ನು ನಾನು ಸುಳ್ಳೆನ್ನಲಾರೆ. ಆದರೆ ಆ ಯುವಕನ ವಯಸ್ಸಾದ ತಾಯಿ, ತೋರಿಸಿದಂತೆ ನಡೆಯಲೇ ಇಲ್ಲವೆಂದರು. ತಮ್ಮ ಹೆಸರುಗಳನ್ನು ಹೀಗೆ ಬಳಸಿಕೊಳ್ಳುವುದಾದರೂ ಹೇಗೆ ಸಾಧ್ಯವೆಂದು ಕೇಳಿದರು. 2023ರ ಜನವರಿಯಲ್ಲಿ ಕೊಲೆಗಾರನ ಪಾತ್ರಕ್ಕೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂದಾಗ, ವೇದಿಕೆಯ ಮೇಲೆ ಸತ್ತವರ ಕುಟುಂಬಗಳ ಬಗ್ಗೆ ಒಂದು ಮಾತೂ ಬರಲಿಲ್ಲವೆಂದು ನೊಂದುಕೊಂಡವರೂ ಆಕೆಯೇ. ಮಗನಿಗಾಗಿ ಜಗತ್ತೇ ಅತ್ತಿತು. ತಾಯಿಗೆ ಮಾತ್ರ ಸಮಾಧಾನವಾಗಲಿಲ್ಲ. ಇಲ್ಲಿ ಯಾರ ಅಳುವನ್ನು ಹೆಚ್ಚು ನಂಬಬೇಕು? ನನಗಂತೂ ಅನುಮಾನವಿಲ್ಲ. ಕಂತು ಮುಗಿದ ಕೂಡಲೇ ಮುಂದಿನ ಕಂತಿನ ಗುಂಡಿ ಒತ್ತುವ ಬೆರಳಿನ ಒಡೆಯನ ಕಣ್ಣೀರು ಒರೆಸುವ ಮೊದಲೇ ಆರಿಹೋಗುತ್ತದೆ.

ಇನ್ನೊಂದು ಪ್ರತಿಕ್ರಿಯೆಯಿದೆ, ಅದು ನಮ್ಮಂಥ ಕ್ರೈಸ್ತ ಮನೆಗಳಲ್ಲಿಯೇ ಹೆಚ್ಚು. ಡಾಹ್ಮರ್ 1994ರಲ್ಲಿ ಸೆರೆಮನೆಯೊಳಗೆ ಜ್ಞಾನಸ್ನಾನ ಪಡೆದನು. ಧಾರಾವಾಹಿಯ ಕೊನೆಯಲ್ಲಿ ಅದೂ ಬರುತ್ತದೆ. ಅದನ್ನು ಕಂಡು, "ಕೊನೆಗೂ ಪಶ್ಚಾತ್ತಾಪ ಪಟ್ಟನಲ್ಲ, ಕ್ಷಮಿಸಬೇಕು" ಎಂದು ಸೋಫಾದ ಮೇಲೆ ಕುಳಿತೇ ಕ್ಷಮೆ ಹಂಚುವವರಿದ್ದಾರೆ. ದೇವರ ಕರುಣೆಗೆ ಎಲ್ಲೆ ಹಾಕಲು ನಾನು ಯಾರು? ಅವನ ಪಶ್ಚಾತ್ತಾಪ ನಿಜವೋ ಅಲ್ಲವೋ ಎಂಬುದು ಅವನಿಗೂ ದೇವರಿಗೂ ಬಿಟ್ಟ ವಿಷಯ. ಆದರೆ ನೀವು ಕ್ಷಮಿಸಲು ಅವನು ನಿಮಗೇನು ಮಾಡಿದ್ದನು? ನೆರೆಮನೆಯವನ ಸಾಲವನ್ನು ನಾನು ಮನ್ನಾ ಮಾಡಿದೆನೆಂದು ಉದಾರಿಯಂತೆ ಬೀಗುವುದು ಎಷ್ಟು ಸರಿಯೋ ಇದೂ ಅಷ್ಟೇ ಸರಿ. ಆ ಅಕ್ಕ, ಆ ತಾಯಿ ಕ್ಷಮಿಸಿದರೆ ಅದು ಕ್ಷಮೆ. ಅವರು ಕ್ಷಮಿಸಲಾರದೆ ಹೋದರೆ ಅವರ ಮುಂದೆ ನಾವು ಪ್ರಸಂಗ ಮಾಡತಕ್ಕದ್ದಲ್ಲ.

ಹಾಗಾದರೆ ಇಂಥ ಭೀಕರತೆಯ ಮುಂದೆ ಸಮಾಜ ಮರ್ಯಾದೆಯಿಂದ ನಡೆದುಕೊಳ್ಳುವುದು ಸಾಧ್ಯವೇ ಇಲ್ಲವೇ? ಸಾಧ್ಯವಿದೆ, ಅದಕ್ಕೆ ಅದೇ ಮಿಲ್ವಾಕಿ ಸಾಕ್ಷಿ. ಕೊಲೆಗಳು ನಡೆದ ವಸತಿ ಕಟ್ಟಡವನ್ನು 1992ರ ನವೆಂಬರಿನಲ್ಲಿ ಕೆಡವಿಹಾಕಲಾಯಿತು. ಕೊಲೆಗಾರನ ವಸ್ತುಗಳನ್ನು ಹರಾಜು ಹಾಕಿ ಬಂದ ಹಣವನ್ನು ಸತ್ತವರ ಕುಟುಂಬಗಳಿಗೆ ಹಂಚುವ ಯೋಜನೆ 1996ರಲ್ಲಿ ಮುಂದೆ ಬಂತು. ಹರಾಜಾದರೆ ಕೊಲೆಯ ಉಪಕರಣಗಳು ಯಾರ್ಯಾರದೋ ಮನೆಯ ಗಾಜಿನ ಕಪಾಟಿನಲ್ಲಿ ಪ್ರದರ್ಶನಕ್ಕೆ ನಿಲ್ಲುತ್ತಿದ್ದವು. ಆಗ ಜೋಸೆಫ್ ಝಿಲ್ಬರ್ ಎಂಬ ಉದ್ಯಮಿಯ ಮುಂದಾಳತ್ವದಲ್ಲಿ ಊರಿನ ಗಣ್ಯರು ನಾಲ್ಕು ಲಕ್ಷಕ್ಕೂ ಹೆಚ್ಚು ಡಾಲರ್ ಕೂಡಿಸಿ, ಆ ವಸ್ತುಗಳನ್ನೆಲ್ಲ ಕೊಂಡು, ಕಣ್ಣಿಗೆ ಬೀಳದಂತೆ ನಾಶಪಡಿಸಿದರು. ಕುಟುಂಬಗಳಿಗೆ ಹಣ ಸಿಕ್ಕಿತು. ಲೋಕಕ್ಕೆ ಪ್ರದರ್ಶನ ಸಿಗಲಿಲ್ಲ. ನೋಡಲು ಸಾಧ್ಯವಿದ್ದುದನ್ನು ನೋಡಬಾರದೆಂದು ಒಂದು ನಗರ ಹಣ ತೆತ್ತು ನಿರ್ಧರಿಸಿತು! ಇಪ್ಪತ್ತಾರು ವರ್ಷಗಳ ಬಳಿಕ ಅದೇ ಉಪಕರಣಗಳ ಪ್ರತಿಕೃತಿಗಳನ್ನು ಸೆಟ್ಟಿನಲ್ಲಿ ಜೋಡಿಸಿ, ತಿಂಗಳ ಚಂದಾ ಪಡೆದು, ಲೋಕಕ್ಕೆಲ್ಲ ತೋರಿಸಲಾಯಿತು.

ಅದು ಅಮೆರಿಕದ ಸಂಗತಿ, ನಮಗೇನೆಂದು ಕೇಳಬೇಡಿ. ಕರಾವಳಿಯ ಓದುಗರಿಗೆ 2009ರ ಅಕ್ಟೋಬರ್ ನೆನಪಿರಬಹುದು. ಬಂಟ್ವಾಳ ತಾಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕನೊಬ್ಬನ ಬಂಧನವಾಯಿತು. ವರದಕ್ಷಿಣೆಯಿಲ್ಲದೆ ಮದುವೆಯಾಗುವೆನೆಂದು ಬಡಮನೆಗಳ ಹೆಣ್ಣುಮಕ್ಕಳನ್ನು ನಂಬಿಸಿ, ದೂರದ ಊರುಗಳಿಗೆ ಕರೆದೊಯ್ದು, ಗುಳಿಗೆಯ ನೆಪದಲ್ಲಿ ವಿಷ ನುಂಗಿಸಿ, ಅವರ ಒಡವೆ ದೋಚಿದ್ದನೆಂಬ ಆರೋಪ ಅವನ ಮೇಲಿತ್ತು. ಒಟ್ಟು ಇಪ್ಪತ್ತು ಪ್ರಕರಣಗಳು. ಕೊನೆಯದರ ತೀರ್ಪು ಮಂಗಳೂರಿನ ನ್ಯಾಯಾಲಯದಲ್ಲಿ ಹೊರಬಿದ್ದದ್ದು 2020ರಲ್ಲಿ. ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಸಿಕ್ಕ ಆ ಶವಗಳನ್ನು ಬೇರೆ ಬೇರೆ ಠಾಣೆಗಳು ಗುರುತಿಲ್ಲದ ಹೆಂಗಸಿನ ಅಸಹಜ ಸಾವೆಂದು ಬರೆದು ಮುಗಿಸಿದ್ದವು. ಆ ದಿನಗಳಲ್ಲಿ ಬಸ್ಸಿನಲ್ಲಿ, ಹೋಟೆಲಿನಲ್ಲಿ, ಕೊನೆಗೆ ಬಲಿಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿಯೂ ಕೇಳಿಬರುತ್ತಿದ್ದ ಮಾತು ಯಾವುದು? "ಈ ಹುಡುಗಿಯರು ಅಷ್ಟು ಸುಲಭವಾಗಿ ಹೇಗೆ ನಂಬಿದರು?" ಮಗಳಿಗೆ ಕೊಡಲು ಚಿನ್ನವಿಲ್ಲದ ಅಪ್ಪನ ಮನೆಯಲ್ಲಿ ಮೂವತ್ತು ದಾಟಿದ ಹೆಣ್ಣು ಹೇಗೆ ಬದುಕುತ್ತಾಳೆಂದು ಯಾರೂ ಕೇಳಲಿಲ್ಲ. ಪತ್ರಿಕೆ, ಟಿ.ವಿ.ಗಳು ಕೊಲೆಗಾರನ ಹೆಸರಿನ ಹಿಂದೆ ವಿಷದ ಹೆಸರನ್ನು ಸೇರಿಸಿ, ಸಿನಿಮಾ ಖಳನಾಯಕನಿಗೆ ಇಡುವಂಥ ಬಿರುದು ಕೊಟ್ಟವು. ಬಿರುದು ಇಂದಿಗೂ ಎಲ್ಲರ ನಾಲಗೆಯಲ್ಲಿದೆ. ಹೆಣ್ಣುಮಕ್ಕಳು ಇಪ್ಪತ್ತು ಎಂಬ ಅಂಕಿಯಾಗಿ ಉಳಿದರು.

2023ರ ಮೇ ತಿಂಗಳಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ ಬಂದ 'ದಹಾಡ್' ಎಂಬ ಹಿಂದಿ ಧಾರಾವಾಹಿಗೆ ಈ ಪ್ರಕರಣವೇ ಪ್ರೇರಣೆಯೆಂದು ಮಾಧ್ಯಮಗಳು ಬರೆದವು. ಅದರಲ್ಲಿ ಕಥೆ ರಾಜಸ್ಥಾನಕ್ಕೆ ಹೋಯಿತು, ಹೆಸರುಗಳೆಲ್ಲ ಬದಲಾದವು. ಆ ಧಾರಾವಾಹಿಯ ಗುಣದೋಷ ಏನೇ ಇರಲಿ, ಬಂಟ್ವಾಳದಲ್ಲೋ ಸುಳ್ಯದಲ್ಲೋ ಇರುವ ಒಬ್ಬ ತಾಯಿ ತನ್ನ ಮಗಳ ಹೆಸರನ್ನು ತೆರೆಯ ಮೇಲೆ ಕೇಳಿ ಬೆಚ್ಚಿಬೀಳುವ ಸ್ಥಿತಿ ಬರಲಿಲ್ಲ. ವರದಕ್ಷಿಣೆಯ ಕ್ರೌರ್ಯ, ಠಾಣೆಗಳ ಉದಾಸೀನ ಇವನ್ನು ಹೇಳಲು ಸತ್ತವರ ಹೆಸರಿನ ಹರಾಜು ಅಗತ್ಯವಿಲ್ಲವೆಂಬುದಕ್ಕೆ ಇಷ್ಟು ಸಾಕು.

"ಹೀಗೆ ಲೆಕ್ಕ ಹಾಕಿದರೆ ಏನನ್ನೂ ನೋಡುವಂತಿಲ್ಲ" ಎನ್ನುವಿರಿ. ಕೆಟ್ಟದ್ದನ್ನು ತೋರಿಸಬಾರದೆಂದು ನಾನು ಹೇಳಿಲ್ಲ. ಕಾಯಿನನ ಕಥೆಯನ್ನು ಮಕ್ಕಳಿಗೆ ಕಲಿಸುವವರು ನಾವು. ನಾನು ಕೇಳುವುದು ಇಷ್ಟೇ: ಸಂಜೆಯ ಜಪಸರ ಮುಗಿಸಿ, ಊಟದ ತಟ್ಟೆ ಎತ್ತಿಟ್ಟು, ಮನೆಮಂದಿ ಟಿ.ವಿ.ಯ ಮುಂದೆ ಕುಳಿತಾಗ, ಈ ನೋವು ಯಾರದು, ಅವರಲ್ಲಿ ಯಾರಾದರೂ ಇನ್ನೂ ಬದುಕಿದ್ದಾರೆಯೇ, ಅವರು ಏನನ್ನುತ್ತಾರೆ ಎಂದು ಹುಡುಕಲು ಐದು ನಿಮಿಷ ಸಾಕು. ನಟನ ಸಂದರ್ಶನ ಹುಡುಕಲು ಅದಕ್ಕಿಂತ ಹೆಚ್ಚು ಹೊತ್ತು ಕಳೆಯುತ್ತೇವೆ. ಮನೆಯವರು ಬೇಡವೆಂದಿದ್ದರೆ ನಾವು ನೋಡುವುದೂ ಬೇಡ. ಕೊಲೆಗಾರನಿಗೆ ಪಾಪ ಎನ್ನುವ ಹದಿಹರೆಯದ ಮಗನನ್ನು ಗದರಿಸದೆ, ಕೊನೆರಾಕ್ ಯಾರೆಂದು ಕೇಳಿ. ಅವನಿಗೆ ತಿಳಿಯದಿದ್ದರೆ ನೀವೇ ಹೇಳಿ. ಹತ್ತು ಕಂತು ನೋಡಿ ಮುಗಿಸಿದವರಿಗೂ ಆ ಹೆಸರು ತಿಳಿಯದಿದ್ದರೆ, ಸತ್ತವರಿಗೆ ದನಿ ಕೊಟ್ಟೆವೆಂಬ ವಾದವನ್ನು ಎಲ್ಲಿ ನಿಲ್ಲಿಸುವುದು?

ಸಂಸ್ಥೆಯ ಮಟ್ಟಿಗೆ ಲೆಕ್ಕ ಎಂದೋ ಮುಗಿದಿದೆ. ನೂರು ಕೋಟಿ ತಾಸುಗಳನ್ನು ಕಂಡ ಮೇಲೆ ಅದೇ ಶೀರ್ಷಿಕೆಯಡಿ 2024ರಲ್ಲಿ ತಂದೆತಾಯಿಯರನ್ನು ಕೊಂದ ಇಬ್ಬರು ಸೋದರರ ಕಥೆ ಬಂತು. 2025ರ ಅಕ್ಟೋಬರಿನಲ್ಲಿ, ಅದೇ ವಿಸ್ಕಾನ್ಸಿನ್ ರಾಜ್ಯದಲ್ಲಿ 1957ರಲ್ಲಿ ಸಿಕ್ಕಿಬಿದ್ದಿದ್ದ ಎಡ್ ಗೀನ್ ಎಂಬವನ ಕಥೆ ಬಂತು. ಒಂದೊಂದರಲ್ಲೂ ಮುಖ್ಯ ಪಾತ್ರ ಕೊಲೆಗಾರರದೇ. ಮಿಲ್ವಾಕಿಯಲ್ಲಿ ಕೆಡವಿದ ಆ ಕಟ್ಟಡದ ಜಾಗ 2022ರಲ್ಲಿಯೂ ಬೇಲಿ ಹಾಕಿದ ಬರಿದಾದ ಹುಲ್ಲುನೆಲವಾಗಿಯೇ ಇತ್ತು. ಧಾರಾವಾಹಿ ನೋಡಿದವರು ಅಲ್ಲಿಗೂ ಹುಡುಕಿಕೊಂಡು ಹೋಗಿ, ಬೇಲಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು.